ಅರ್ಥವಿಲ್ಲದ ಕಾರು

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗಿರುವುದು ಅರ್ಥ ಹೇಳುವ ಚಟ. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ಮನುಷ್ಯನಿಗೆ ಇದು ಕಸುಬಿನಿಂದ ಅಂಟಿದ ರೋಗವೆಂದು ನೀವು ಸಮಾಧಾನ ಹೇಳಬಹುದು. ಆದರೆ ಗಂಟೆ ಹೊಡೆದು ಮಕ್ಕಳೆಲ್ಲ ಮನೆಗೆ ಹೋದ ಮೇಲೂ ನನ್ನ ತರಗತಿ ಮುಗಿಯುವುದಿಲ್ಲ ಎಂಬುದೇ ತೊಂದರೆ. ಚಹದಂಗಡಿಯ ಬೋರ್ಡು, ಲಗ್ನಪತ್ರಿಕೆ, ಬೆಂಕಿಪೊಟ್ಟಣದ ಮೇಲಿನ ಅಕ್ಷರ, ಯಾವುದು ಕಣ್ಣಿಗೆ ಬಿದ್ದರೂ ಅದರ ಮೂಲ ಯಾವುದು, ಅದು ಯಾವ ದಾರಿಯಿಂದ ನಮ್ಮ ಭಾಷೆಗೆ ಬಂತು ಎಂದು ಪಕ್ಕದವರಿಗೆ ಹೇಳದಿದ್ದರೆ ನನಗೆ ಉಂಡದ್ದು ಅರಗುವುದಿಲ್ಲ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಶಾಂತಾ ಬಿಸಿ ರೊಟ್ಟಿಯ ಮೇಲೆ ಝುಣಕ ಹಾಕಿ ಮುಂದಿಟ್ಟಳು. ನಾನು ಝುಣಕ ಎಂಬ ಶಬ್ದದ ಹುಟ್ಟಿನ ಬಗ್ಗೆ ಶುರು ಮಾಡಿದೆ. ಮುಗಿಸುವ ಹೊತ್ತಿಗೆ ರೊಟ್ಟಿ ಸೆಟೆದುಕೊಂಡು ತಾಟಿನಿಂದ ಎದ್ದು ಕೂತಿತ್ತು. ಆಕೆ ತಾಟನ್ನು ಎತ್ತಿಕೊಂಡು ಒಳಗೆ ಹೋಗುತ್ತ, ಇವತ್ತು ಅರ್ಥವನ್ನೇ ಉಣ್ಣಿರಿ ಎಂದು ಹೇಳಿದಳು. ಅಷ್ಟಾದರೂ ಚಟ ಬಿಡಲಿಲ್ಲ. ಒಂದೇ ಒಂದು ಸಲ ಅದು ನನ್ನ ಕೈಯಿಂದಲೇ ಸಡಿಲಾಯಿತು. ಅದೂ ಒಂದು ಕಾರಿನ ಸೀಟಿನ ಬುಡದಲ್ಲಿ, ಅಂಗಾತ ಮಲಗಿ, ಪಾನಾ ಹಿಡಿದುಕೊಂಡು. ಪಾನಾ ಎಂದರೆ ನಟ್ಟು ತಿರುಗಿಸುವ ಸಾಧನ. ನೋಡಿ, ಮತ್ತೆ ಶುರುವಾಯಿತು.

ಎಂಬತ್ತರ ದಶಕದ ಕೊನೆಯ ಕಡೆಯ ಮಾತು. ನಮ್ಮ ಊರು ಕಲಘಟಗಿ ಕಡೆಯ ದುಮ್ಮವಾಡ, ಶಾಂತಾಳ ತವರು ನವಲಗುಂದ ಕಡೆಯ ಮೊರಬ. ನಡುವೆ ಹುಬ್ಬಳ್ಳಿ. ಶಾಂತಾ ಚೊಚ್ಚಲ ಬಾಣಂತನಕ್ಕೆ ಮೊರಬಕ್ಕೆ ಹೋಗಿದ್ದಳು, ಹೆಣ್ಣು ಕೂಸು ಹುಟ್ಟಿತು, ಎಲ್ಲರಿಗೂ ಪೇಢೆ ಹಂಚಿದ್ದೂ ಆಯಿತು. ಆದರೆ ಕೂಸಿಗೆ ಹೆಸರಿಡುವುದು ಮಾತ್ರ ಮುಂದೆ ಮುಂದೆ ಹೋಗುತ್ತಿತ್ತು. ನಮ್ಮಲ್ಲಿ ತೊಟ್ಟಿಲ ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವವಳು ಸೋದರತ್ತೆ. ನನಗೆ ಅಕ್ಕತಂಗಿಯರಿಲ್ಲ, ನಮ್ಮಪ್ಪನಿಗೂ ಇರಲಿಲ್ಲ. ಹೀಗಾಗಿ ನಮ್ಮ ಮನೆಯ ಎಲ್ಲ ಕೂಸುಗಳಿಗೂ ಹೆಸರಿಟ್ಟವಳು ನಮ್ಮ ಅಜ್ಜಿ. ನಾವು ಆಕೆಗೆ ಆಯಿ ಎನ್ನುತ್ತೇವೆ. ಯಾವ ಹೆಸರಿಡುತ್ತೀ ಎಂದು ಆಯಿಯನ್ನು ಕೇಳುವಂತಿರಲಿಲ್ಲ. ತೊಟ್ಟಿಲಿನ ಮುಂದೆ ಬಾಯಿ ತೆರೆದಾಗಲೇ ಅದು ಹೊರಗೆ ಬರುವುದು. ಆಯಿ ಮೊರಬಕ್ಕೆ ಬಂದ ಹೊರತು ಹೆಸರಿಲ್ಲ ಎಂದು ಶಾಂತಾ ಹಟ ಹಿಡಿದಿದ್ದಳು, ನನಗೂ ಅದೇ ಸರಿ ಅನಿಸಿತ್ತು. ಆದರೆ ಆಯಿಗೆ ಗಾಡಿ ಆಗಿಬರುತ್ತಿರಲಿಲ್ಲ. ಬಸ್ಸಿನ ವಾಸನೆ ಬಂದರೆ ಸಾಕು, ಆಕೆಯ ಹೊಟ್ಟೆ ತೊಳಸುತ್ತಿತ್ತು. ಹಿಂದೆ ಒಮ್ಮೆ ಬಸ್ಸಿನಲ್ಲಿ ಹೋದಾಗ ಮುಂದಿನ ಸೀಟಿನಲ್ಲಿ ಕೂತಿದ್ದ ಯಾರೋ ಗೌಡರ ಹೊಸ ರುಮಾಲಿಗೆ ಆದ ಗತಿಯನ್ನು ನಮ್ಮ ಊರಲ್ಲಿ ಇನ್ನೂ ಮರೆತಿಲ್ಲ. ಅಂದಿನಿಂದ ಆಯಿ ಊರ ಅಗಸಿಬಾಗಿಲು ದಾಟಿರಲಿಲ್ಲ.

ಇಷ್ಟರಲ್ಲಿ ಮೊರಬದಲ್ಲಿ ಅಪಾಯ ಬೆಳೆಯುತ್ತಿತ್ತು. ಶಾಂತಾಳ ಅಣ್ಣನಿಗೆ ಚಿಕ್ಕಂದಿನಲ್ಲಿ ಹೀಗೆಯೇ ಹೆಸರಿಡುವುದು ತಡವಾಗಿ, ಅಷ್ಟರಲ್ಲಿ ಮನೆಯವರೆಲ್ಲ ಅವನನ್ನು ಗುಂಡ ಎಂದು ಕರೆದು, ಆಮೇಲೆ ಇಟ್ಟ ಒಳ್ಳೆಯ ಹೆಸರು ಅವನ ಹತ್ತಿರ ಸುಳಿಯಲೇ ಇಲ್ಲ. ತಲೆ ಬೋಳಾಗಿ ಮೂರು ಮಕ್ಕಳಾದರೂ ಅವನು ಗುಂಡಣ್ಣನೇ. ಈಗ ಆ ಗುಂಡಣ್ಣನೇ ನನ್ನ ಮಗಳ ಉಬ್ಬು ಗಲ್ಲ ನೋಡಿ ಅವಳನ್ನು ಡುಬ್ಬಿ ಎಂದು ಕರೆಯತೊಡಗಿದ್ದ. ಮನೆಯವರ ಬಾಯಿಗೂ ಅದು ಬರತೊಡಗಿತ್ತು. ನಾನು ಮೊರಬಕ್ಕೆ ಹೋದಾಗ ಓಣಿಯ ಹೆಂಗಸೊಬ್ಬಳು, ಡುಬ್ಬಿ ಅಪ್ಪ ಬಂದಾರ ನೋಡ್ರಿ ಎಂದಳು. ಶಬ್ದಗಳಿಗಾಗಿ ಜೀವ ತೇಯುವ ನನ್ನಂಥವನ ಮಗಳು ಡುಬ್ಬಿಯಾಗಿ ಬಾಳಬೇಕೆ? ಶಾಂತಾ ಕಣ್ಣಲ್ಲಿ ನೀರು ತಂದುಕೊಂಡು, ಮುಂದಿನ ಒಳ್ಳೆಯ ದಿನಕ್ಕೆ ಆಯಿಯನ್ನು ಹೇಗಾದರೂ ಕರೆದುಕೊಂಡು ಬನ್ನಿ, ಇಲ್ಲವಾದರೆ ನಾನೂ ಅದನ್ನು ಡುಬ್ಬಿ ಎಂದೇ ಕರೆಯುತ್ತೇನೆ ಎಂದಳು. ಇದಕ್ಕಿಂತ ದೊಡ್ಡ ಬೆದರಿಕೆ ನನಗೆ ಯಾರೂ ಹಾಕಿಲ್ಲ.

ನಮ್ಮ ಕಾಕಾ, ಎಂದರೆ ಅಪ್ಪನ ತಮ್ಮ, ಹುಬ್ಬಳ್ಳಿಯ ಕಾಳಿನ ವ್ಯಾಪಾರದಲ್ಲಿ ಕೈಯಾಡಿಸಿ ಒಂದು ಹಳೆಯ ಬಿಳಿ ಕಾರು ಕೊಂಡಿದ್ದ. ಕಾರಿನಲ್ಲಾದರೂ ಬಾ ಎಂದು ನಾವಿಬ್ಬರೂ ಆಯಿಯ ಬೆನ್ನು ಬಿದ್ದೆವು. ಎರಡು ಗಾಲಿ ಕಡಿಮೆಯಾದರೆ ವಾಸನೆ ಕಡಿಮೆಯಾಗುತ್ತದೆಯೇ ಎಂದು ಆಕೆ ಕೇಳಿದಳು. ಆಗ ನನಗೊಂದು ಉಪಾಯ ಹೊಳೆಯಿತು. ಆಯಿಗೆ ಹಾಡೆಂದರೆ ಪ್ರಾಣ. ಹಾಡು ಕೇಳುತ್ತ ಕೂತರೆ ಮನಸ್ಸು ಹೊಟ್ಟೆಯ ಕಡೆ ಹೋಗುವುದಿಲ್ಲ. ಕಾರಿನಲ್ಲಿ ಟೇಪು ಇತ್ತು, ಭಜನೆಯ ಕ್ಯಾಸೆಟ್ಟೂ ಇತ್ತು. ಆದರೆ ಆಯಿಯ ಕಿವಿ ಮಂದವಾಗಿತ್ತು. ನಿಂತ ಕಾರಿನಲ್ಲಿ ಆಕೆಯನ್ನು ಕೂರಿಸಿ ಟೇಪು ಹಚ್ಚಿದಾಗ, ಡಬ್ಬಿಯೊಳಗೆ ಇಲಿ ಸೇರಿದೆಯೇನು ಎಂದು ಕೇಳಿ ಕೆಳಗಿಳಿದಳು. ದನಿ ದೊಡ್ಡದಾಗಬೇಕು, ಬರೀ ದೊಡ್ಡದಲ್ಲ, ದಪ್ಪಗಾಗಬೇಕು ಎಂದು ತೀರ್ಮಾನಿಸಿ ನಾನೂ ಕಾಕಾನೂ ಕಲಘಟಗಿಯ ರಾಜೇಸಾಬನ ಅಂಗಡಿಗೆ ಹೋದೆವು.

ರಾಜೇಸಾಬ ರೇಡಿಯೋ ರಿಪೇರಿ ಮಾಡುತ್ತಿದ್ದ, ಮದುವೆ ಮುಂಜಿವೆಗಳಿಗೆ ಮೈಕ್ ಸೆಟ್ ಬಾಡಿಗೆ ಕೊಡುತ್ತಿದ್ದ. ಒಮ್ಮೆ ಮುಂಬಯಿಗೆ ಹೋಗಿ ಬಂದವನು. ಏನು ಕೇಳಿದರೂ ಅವನ ಉತ್ತರ ಮುಂಬಯಿಯಿಂದಲೇ ಹೊರಡುತ್ತಿತ್ತು. ಅಲ್ಲಿ ಸೇಠುಗಳ ಕಾರುಗಳಲ್ಲಿ ಹಾಡು ಹಚ್ಚಿದರೆ ಪಕ್ಕದ ಕಾರಿನ ಗಾಜು ನಡುಗುತ್ತದೆ ಎಂದು ಅವನು ಹೇಳಿದಾಗ ಕಾಕಾನ ಕಣ್ಣು ಅರಳಿದವು. ಹುಬ್ಬಳ್ಳಿಯಿಂದ ತರಿಸಿದ ಒಂದು ಆಂಪ್ಲಿಫೈಯರು, ಬುಟ್ಟಿಯಗಲದ ಸ್ಪೀಕರು, ಅದಕ್ಕೆ ಬಡಿಗನಿಂದ ಮಾಡಿಸಿದ ಕಟ್ಟಿಗೆಯ ಪೆಟ್ಟಿಗೆ, ಇಷ್ಟನ್ನೂ ನಮ್ಮ ಕಾರಿಗೆ ಹೇರಿ, "ಸಬ್ ಊಫರ್ ಮಾಡೂಣ್ರಿ ಮಾಲಕ್ರ. ನೀವು ಮನ್ಯಾಗ ಸಾಮಾನ ಇಟಗೊಂಡಿರ್ರಿ, ನಾ ಒಂದು ಲಗ್ನದ ಮೈಕ್ ಮುಗಿಸಿ ಬರ್ತೀನಿ" ಎಂದು ಹೇಳಿ ಹೋದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಕಾಕಾ ಹುಬ್ಬಳ್ಳಿಯ ವ್ಯಾಪಾರಿಗಳೊಂದಿಗೆ ಹಿಂದುಸ್ತಾನಿಯಲ್ಲಿ ಮಾತಾಡುತ್ತಿದ್ದ, ಆ ವಿದ್ಯೆಯ ಬಗ್ಗೆ ಅವನಿಗೆ ಹೆಮ್ಮೆ ಇತ್ತು. ಅವನು ಕೇಳಿಸಿಕೊಂಡದ್ದು ಸಬ್ ಊಪರ್ ಎಂದು. ಎಲ್ಲ ಮೇಲೆ. ಅವನಿಗೂ ಒಂದು ಅನುಮಾನ ಬಂದು ನನ್ನನ್ನು ಕೇಳಿದ. ನಾನು ಸುಮ್ಮನಿರುವವನೆ? ಸಬ್ ಎಂದರೆ ಸಕಲ, ಊಪರ್ ಎಂದರೆ ಊರ್ಧ್ವ ಎಂದು ಬಿಡಿಸಿ ಹೇಳಿದೆ. ಗುಡಿಯ ಗಂಟೆ ಮೇಲಿರುತ್ತದೆ, ಗೋಪುರದ ಲೌಡ್‌ಸ್ಪೀಕರು ಮೇಲಿರುತ್ತದೆ, ನಾದ ಮೇಲಿನಿಂದಲೇ ಇಳಿದು ಬರಬೇಕು ಎಂದು ಉದಾಹರಣೆಗಳನ್ನೂ ಕೊಟ್ಟೆ. ನಾವಿಬ್ಬರೂ ಬೆವರು ಸುರಿಸಿ ಪೆಟ್ಟಿಗೆ, ಆಂಪ್ಲಿಫೈಯರು, ವೈರಿನ ಸಿಂಬೆ ಎಲ್ಲವನ್ನೂ ಕಾರಿನ ಮೇಲಿನ ಕ್ಯಾರಿಯರ್‌ಗೆ ಹೇರಿ, ಕೆಳಗೆ ಗೋಣಿತಟ್ಟು ಹಾಸಿ, ಕಣ್ಣಿ ಹಗ್ಗದಿಂದ ಬಿಗಿದು ಕಟ್ಟಿದೆವು. ಮದುವೆ ಮುಗಿಸಿ ರಾಜೇಸಾಬ ಬಂದ. ಕಾರಿನ ಸುತ್ತ ಒಂದು ಸುತ್ತು ಹಾಕಿದ. ಪೆಟ್ಟಿಗೆಯ ಮೇಲೆ ಆರಾಮಾಗಿ ಕೂತಿದ್ದ ನಮ್ಮ ಮನೆಯ ಕೋಳಿಯನ್ನು ನೋಡಿದ. "ಮಾಲಕ್ರ, ಮನಿ ಖಾಲಿ ಮಾಡಿ ಎಲ್ಲಿಗೆ ಹೊಂಟೀರಿ?" ಎಂದು ಬಹಳ ಕಾಳಜಿಯಿಂದ ಕೇಳಿದ. ಊಫರ್ ಎಂದರೆ ದಪ್ಪ ದನಿಯ ಸ್ಪೀಕರು, ಅದು ಇರಬೇಕಾದದ್ದು ಸೀಟಿನ ಬುಡದಲ್ಲಿ ಎಂದು ತಿಳಿದಾಗ ಕಾಕಾ ನನ್ನ ಕಡೆ ನೋಡಿದ ನೋಟದಲ್ಲಿ ಸಕಲವೂ ಇತ್ತು, ಊರ್ಧ್ವವೂ ಇತ್ತು.

ಹಿಂದಿನ ಸೀಟು ಕಿತ್ತು, ಪೆಟ್ಟಿಗೆಯನ್ನು ಬುಡಕ್ಕಿಟ್ಟು, ಅದರ ಮೇಲೆ ಸೀಟು ಕೂರಿಸುವುದೆಂದಾಯಿತು. ಪೆಟ್ಟಿಗೆಯೊಳಗೆ ಅರಳೆ ತುಂಬಬೇಕು, ಆಗ ದನಿ ಮೆತ್ತಗಾಗುತ್ತದೆ ಎಂದು ರಾಜೇಸಾಬ ಹೇಳಿದ. ಮೊರಬದ ಮಾವನವರು ಎರೆಹೊಲದಲ್ಲಿ ಹತ್ತಿ ಬೆಳೆಯುವವರು. ಹತ್ತಿ ಬೇಕೆಂದು ಬಸ್ಸಿನ ಡ್ರೈವರನ ಬಾಯಲ್ಲಿ ಹೇಳಿ ಕಳಿಸಿದೆ. ಅಳಿಯ ಬಾಯಿ ಬಿಟ್ಟು ಕೇಳಿದ ಮೊದಲ ವಸ್ತು ಎಂದು ಅವರು ತಮ್ಮ ಹೊಲದ ಅಪ್ಪಟ ಹತ್ತಿಯನ್ನೇ ಒಂದು ಚೀಲ ಒತ್ತಿ ತುಂಬಿ ಕಳಿಸಿದರು. ನಾವು ಪೆಟ್ಟಿಗೆಗೆ ತುಂಬಿದೆವು. ಟೇಪು ಹಚ್ಚಿದಾಗ ಭಜನೆಯ ಹಿಂದೆ ಯಾರೋ ಶೇಂಗಾ ಹುರಿಯುತ್ತಿರುವಂತೆ ಚಟಪಟ ಸದ್ದು ಬಂತು. ರಾಜೇಸಾಬ ಸ್ಪೀಕರು ಬಿಚ್ಚಿದ, ಮುಂಬಯಿಯನ್ನು ನೆನೆಸಿದ, ಕೊನೆಗೆ ಕೈಹಾಕಿ ಒಂದು ಹಿಡಿ ಹತ್ತಿ ಹೊರಗೆ ತೆಗೆದ. ಅದರಲ್ಲಿ ಬೀಜ ಹಾಗೆಯೇ ಇತ್ತು. ಬೀಜ ತೆಗೆದದ್ದು ಅರಳೆ, ಬೀಜವಿದ್ದದ್ದು ಹತ್ತಿ ಎಂಬುದು ಕನ್ನಡ ಮಾಸ್ತರನಿಗೆ ಹೇಳಿಸಿಕೊಂಡು ಗೊತ್ತಾಗಬೇಕಾಯಿತು. ಆ ದಿನ ಮಧ್ಯಾಹ್ನವೆಲ್ಲ ಕಟ್ಟೆಯ ಮೇಲೆ ಕೂತು ನಾನೂ ಆಯಿಯೂ ಬೀಜ ಬಿಡಿಸಿದೆವು. ಬೀಜವನ್ನು ಕಾಕಾನ ಎಮ್ಮೆ ತಿಂದಿತು. ಅದರ ಹಾಲು ಗಟ್ಟಿಯಾಯಿತು. ಹಾಡು ಸುಧಾರಿಸದಿದ್ದರೂ ಚಹಾ ಸುಧಾರಿಸಿತು ಎಂದು ಕಾಕಾ ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದ.

ಹಾಡು ಸುಧಾರಿಸಲಿಲ್ಲ ಎಂದರೆ, ನಿಂತ ಕಾರಿನಲ್ಲಿ ಅದು ಅಮೃತದಂತಿತ್ತು. ತಾಳದ ಹೊಡೆತ ಸೀಟಿನ ಬುಡದಿಂದ ಎದ್ದು ಬೆನ್ನೆಲುಬಿನಲ್ಲಿ ಹತ್ತುತ್ತಿತ್ತು. ಆದರೆ ಇಂಜಿನ್ ಚಾಲೂ ಮಾಡಿದ್ದೇ ತಡ, ಪೆಟ್ಟಿಗೆಯಿಂದ ಗುಂಯ್ ಎಂಬ ದನಿ ಹೊರಡುತ್ತಿತ್ತು. ಗಾಡಿ ಜೋರಾದರೆ ಗುಂಯ್ ಜೋರು, ನಿಧಾನವಾದರೆ ಗುಂಯ್ ನಿಧಾನ. ಭಜನೆಯ ದನಿ ಅದರಡಿ ಸಿಕ್ಕು ಒದ್ದಾಡುತ್ತಿತ್ತು. ರಾಜೇಸಾಬ ಕಣ್ಣು ಮುಚ್ಚಿ, ಪೆಟ್ಟಿಗೆಗೆ ಕಿವಿಯಿಟ್ಟು ಬಹಳ ಹೊತ್ತು ಆಲಿಸಿದ. ಆಮೇಲೆ ನನ್ನ ಕಡೆ ತಿರುಗಿದ.

"ಮಾಸ್ತರ್ರ, ಇದಕ್ಕ ಅರ್ಥ ಇಲ್ರಿ."

ನನಗೆ ಮೈ ಉರಿಯಿತು. ಕ್ಯಾಸೆಟ್ಟಿನಲ್ಲಿ ಹಾಡುತ್ತಿದ್ದದ್ದು ತತ್ವಪದ. ಇದಕ್ಕೆ ಅರ್ಥವಿಲ್ಲವೆಂದರೆ ಮತ್ಯಾವುದಕ್ಕೆ ಇರುತ್ತದೆ ಎಂದು ಕೇಳಿದೆ. ಅವನು ತಲೆ ಅಲ್ಲಾಡಿಸಿ, "ಐತ್ರಿ, ಆದ್ರ ಮ್ಯಾಲೆ ಮ್ಯಾಲೆ ಐತಿ. ಒಳಗ ಮುಟ್ಟಿಲ್ಲ" ಎಂದ. ಇಂಥ ಮಾತನ್ನು ಒಬ್ಬ ರೇಡಿಯೋ ರಿಪೇರಿಯವನ ಬಾಯಲ್ಲಿ ಕೇಳಿ ನನಗೆ ಸಂತೋಷವೇ ಆಯಿತು. ನಾನು ಬಾನೆಟ್ಟಿಗೆ ಒರಗಿ ನಿಂತು, ಮೇಲಿನ ಅರ್ಥ, ಒಳಗಿನ ಅರ್ಥ, ಗುರುವಿನಿಂದ ಮಾತ್ರ ತಿಳಿಯುವ ಅರ್ಥ ಎಂದು ವಿಸ್ತಾರವಾಗಿ ಹೇಳತೊಡಗಿದೆ. ಅವನು ಸ್ಕ್ರೂಡ್ರೈವರನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಗೌರವದಿಂದ ಕೇಳಿದ. ನಾನು ಉಸಿರು ತೆಗೆದುಕೊಂಡಾಗ ಅದನ್ನು ಬಾಯಿಂದ ತೆಗೆದು, "ಅದೆಲ್ಲಾ ಖರೇ ಐತ್ರಿ. ಆದ್ರ ಅರ್ಥ ಬಾಡಿಗೆ ಮುಟ್ಟಬೇಕ್ರಿ. ಬಾಡಿಗೆ ಮುಟ್ಟಲಿಲ್ಲಂದ್ರ ಗುಂಯ್ ಅನ್ನೂದ" ಎಂದ. ನಾನು ಬೆರಗಾದೆ. ಆತ್ಮದ ಮಾತು ಎಲ್ಲರೂ ಆಡುತ್ತಾರೆ, ದೇಹಕ್ಕೆ ಇಳಿಯದ ಅರ್ಥ ಬರೀ ಗುಂಯ್‌ಗುಟ್ಟುತ್ತದೆ ಎಂದು ಇಷ್ಟು ಸರಳವಾಗಿ ಹೇಳಿದವರನ್ನು ನಾನು ಕಂಡಿರಲಿಲ್ಲ. ಅದನ್ನೇ ಅವನಿಗೆ ಹೇಳಿ ಕೈ ಹಿಡಿದುಕೊಂಡೆ. ಅವನು ಗಾಬರಿಯಾಗಿ ಕಾಕಾನ ಕಡೆ ನೋಡಿದ.

"ಲೇ ಚನ್ನ್ಯಾ," ಎಂದು ಕಾಕಾ ನನ್ನನ್ನು ಕರೆದ, "ಅಂವಾ ವೈರಿನ ಮಾತ ಆಡಾಕತ್ತಾನ."

ಆಗ ತಿಳಿಯಿತು. ಆಂಪ್ಲಿಫೈಯರಿನಿಂದ ಒಂದು ತಂತಿ ಬಂದು ಕಾರಿನ ಮೈಯ ಕಬ್ಬಿಣಕ್ಕೆ ಕೂಡಬೇಕು. ಆ ತಂತಿಗೆ ಅರ್ಥ್ ಎನ್ನುತ್ತಾರೆ. ಅದು ಸರಿಯಾಗಿ ಮುಟ್ಟದಿದ್ದರೆ ಇಂಜಿನ್ನಿನ ಡೈನಮೋದ ಗುಂಯ್‌ಗಾಟ ಸ್ಪೀಕರಿಗೆ ನುಗ್ಗುತ್ತದೆ. ಇಷ್ಟೇ ವಿಷಯ. ಅಂದಿನಿಂದ ನಮ್ಮ ಊರಿನವರು ನನ್ನನ್ನು ಕಂಡರೆ, ಮಾಸ್ತರ್ರ, ಅರ್ಥ ಮುಟ್ಟಿತೇನ್ರಿ ಎಂದು ಕೇಳತೊಡಗಿದರು. ಮುಟ್ಟಿರಲಿಲ್ಲ. ರಾಜೇಸಾಬ ದಿನಕ್ಕೊಂದು ಕಾರಣ ಕೊಟ್ಟ. ಒಂದು ದಿನ ಬ್ಯಾಟರಿಯ ತಪ್ಪು, ಒಂದು ದಿನ ಕ್ಯಾಸೆಟ್ಟಿನ ತಪ್ಪು, ಒಂದು ದಿನ ಮೋಡದ ತಪ್ಪು. ನಿಜವಾದ ಕಾರಣ ನಮ್ಮ ಮನೆಯ ಭಕ್ತಿಯಲ್ಲಿತ್ತು. ಖಂಡೇಪೂಜೆಯ ದಿನ, ಎಂದರೆ ಆಯುಧಪೂಜೆಯಂದು, ಕಾಕಾ ಕಾರಿನ ಹಣೆಗಷ್ಟೇ ವಿಭೂತಿ ಹಚ್ಚಿ ಬಿಡುವವನಲ್ಲ. ಕಾರಿನ ಕೈಕಾಲಿಗೆ ಯಾಕೆ ಇಲ್ಲ ಎಂದು ಸಿಕ್ಕ ಸಿಕ್ಕ ಬೋಲ್ಟಿಗೆಲ್ಲ ವಿಭೂತಿಯನ್ನು ಎಣ್ಣೆಯಲ್ಲಿ ಕಲಸಿ ಮೆತ್ತಿದ್ದ. ಸೀಟಿನ ಬುಡದ ಬೋಲ್ಟಿನ ಮೇಲೆ ವರ್ಷ ವರ್ಷದ ವಿಭೂತಿ ಗಾರೆಯಂತೆ ಗಟ್ಟಿಯಾಗಿತ್ತು. ರಾಜೇಸಾಬ ಅರ್ಥ್ ಕೊಟ್ಟದ್ದು ಆ ಬೋಲ್ಟಿಗೆ. ಕೆರೆದು ತೆಗೆಯಲು ಹೋದರೆ ಕಾಕಾ ಬಿಡಲಿಲ್ಲ. ದೇವರ ವಿಭೂತಿಯನ್ನು ಸ್ಕ್ರೂಡ್ರೈವರಿನಿಂದ ಕೆರೆದರೆ ಕಾರು ಹಳ್ಳಕ್ಕೆ ಬೀಳುತ್ತದೆ ಎಂದ. ವಿಭೂತಿಯಿಂದ ಯಾರಿಗೂ ಕೆಟ್ಟದ್ದಾಗಿಲ್ಲ ಎಂಬ ಅವನ ವಾದ ಕೇಳಿ ರಾಜೇಸಾಬ ಮತ್ತೆ ಮೋಡದ ಕಡೆ ನೋಡಿದ.

ಒಳ್ಳೆಯ ದಿನ ಹತ್ತಿರ ಬರುತ್ತಿತ್ತು. ಗುಂಯ್ ಎಂದರೆ ಎನ್ನಲಿ, ಮುದುಕಿಯನ್ನು ಒಮ್ಮೆ ಕೂರಿಸಿ ನೋಡೋಣ ಎಂದು ಕಾಕಾ ಹೇಳಿದ. ಮಿಶ್ರಿಕೋಟಿಯವರೆಗೆ ಹೋಗಿ ಬರುವುದೆಂದಾಯಿತು. ಆಯಿ ಒಂದು ಕೈಯಲ್ಲಿ ನಿಂಬೆಹಣ್ಣು, ಒಂದು ಕೈಯಲ್ಲಿ ನೀರಿನ ತಾಮ್ರದ ತಂಬಿಗೆ ಹಿಡಿದು, ಸೆರಗು ಬಿಗಿದು ಹಿಂದಿನ ಸೀಟಿನಲ್ಲಿ ಕೂತಳು. ಇಂಜಿನ್ ಗುಂಯ್ ಎಂದಿತು. ನಾನು ಕ್ಯಾಸೆಟ್ಟು ಹಾಕಿದೆ. ಅಗಸಿ ದಾಟಿತು, ಹೊಲ ಬಂತು. ಆಯಿ ಕಣ್ಣು ಮುಚ್ಚಿದಳು. ಈಗ ಶುರುವಾಯಿತು ಎಂದು ಕಾಕಾ ಗಾಡಿಯನ್ನು ಬಾಜೂಕ್ಕೆ ತೆಗೆದುಕೊಳ್ಳುವಷ್ಟರಲ್ಲಿ ಹಿಂದಿನಿಂದ ಸಣ್ಣಗೆ ದನಿ ಕೇಳಿಸಿತು. ಆಯಿ ಹಾಡುತ್ತಿದ್ದಳು. ಕ್ಯಾಸೆಟ್ಟಿನ ಹಾಡಲ್ಲ, ತನ್ನದೇ ಯಾವುದೋ ಹಾಡು. ಮೈ ಹಿಂದೆ ಮುಂದೆ ತೂಗುತ್ತಿತ್ತು. ಮಿಶ್ರಿಕೋಟಿಯಲ್ಲಿ ಇಳಿದು ಮಿರ್ಚಿ ಭಜಿ ಬೇಡಿದಳು, ಎರಡನೆಯ ತಾಟೂ ಬೇಡಿದಳು, ಬರುವಾಗಲೂ ಹಾಡಿಕೊಂಡು ಬಂದಳು. ನನ್ನ ಹಿಗ್ಗು ಹೇಳಲಾರೆ. ಹಾಡು ಕೇಳಿದರೆ ಮನಸ್ಸು ಹೊಟ್ಟೆಯನ್ನು ಮರೆಯುತ್ತದೆ ಎಂಬ ನನ್ನ ಸಿದ್ಧಾಂತವನ್ನು ಶಾಲೆಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ಹೆಡ್‌ಮಾಸ್ತರರಿಗೆ ಎರಡು ಸಲ ಹೇಳಿದೆ.

ಒಂದೇ ಒಂದು ಮುಳ್ಳು ಉಳಿದಿತ್ತು. ಮಿಶ್ರಿಕೋಟಿಯಲ್ಲಿ ಕಾರು ನಿಂತು ಗುಂಯ್‌ಗುಡುತ್ತಿದ್ದಾಗ ಒಬ್ಬ ಹೆಂಗಸು ತಲೆಯ ಮೇಲೆ ಬುಟ್ಟಿ ಹೊತ್ತು ಬಂದು, ಜೋಳ ಬೀಸಿ ಕೊಡುತ್ತೀರೇನು ಎಂದು ಕೇಳಿದ್ದಳು. ಹಿಟ್ಟಿನ ಗಿರಣಿಯೇ ಊರೂರು ತಿರುಗಿ ಮನೆ ಬಾಗಿಲಿಗೆ ಬರತೊಡಗಿದೆ ಎಂದು ಆಕೆ ತಿಳಿದಿದ್ದಳು. ನಮ್ಮ ಕಾರಿಗೆ ಅಂದಿನಿಂದ ಗಿರಣಿ ಎಂದೇ ಹೆಸರಾಯಿತು. ಹೀಗೆ ಗುಂಯ್‌ಗುಡುತ್ತ ಮೊರಬಕ್ಕೆ ಹೋದರೆ ಗುಂಡಣ್ಣ ಬಿಟ್ಟಾನೆಯೆ? ಗಿರಣಿ ಮಾಸ್ತರನ ಮಗಳು ಡುಬ್ಬಿ ಎಂದು ಊರಿಗೆಲ್ಲ ಸಾರುತ್ತಾನೆ. ಹೆಸರಿಡುವ ದಿನದೊಳಗೆ ಈ ಗುಂಯ್ ಅಡಗಲೇಬೇಕೆಂದು ನಾನು ಪಣ ತೊಟ್ಟೆ.

ಅಡಗಿಸಿದ್ದು ಆಯಿಯ ತಂಬಿಗೆ. ಹೊರಡುವ ಹಿಂದಿನ ದಿನ ಕಾರು ಒರೆಸುತ್ತ, ಇಂಜಿನ್ ಚಾಲೂ ಇಟ್ಟು, ಕೈಯಲ್ಲಿದ್ದ ತಾಮ್ರದ ತಂಬಿಗೆಯನ್ನು ಸೀಟಿನ ಬುಡದಲ್ಲಿದ್ದ ಆಂಪ್ಲಿಫೈಯರಿನ ಬಾಜೂಕ್ಕೆ ಸಂದಿಯಲ್ಲಿ ತುರುಕಿದೆ. ಗುಂಯ್ ಒಮ್ಮೆಲೇ ನಿಂತಿತು. ತಂಬಿಗೆ ತೆಗೆದೆ, ಗುಂಯ್. ಇಟ್ಟೆ, ಇಲ್ಲ. ಒಂದು ಬದಿಗೆ ಆಂಪ್ಲಿಫೈಯರು, ಒಂದು ಬದಿಗೆ ಕಾರಿನ ಬರಿಯ ಕಬ್ಬಿಣ, ನಡುವೆ ಆಯಿಯ ತಂಬಿಗೆ ಅರ್ಥ ಕೂಡಿಸುತ್ತಿತ್ತು. ನಾನು ಅಂಗಳದಲ್ಲಿ ಕುಣಿದೆ. ಎಮ್ಮೆ ಕಣ್ಣಿ ಹರಿಯಿತು. ಕಾಕಾ ಬಂದ, ರಾಜೇಸಾಬನಿಗೆ ಕರೆ ಹೋಯಿತು, ಅವನು ಬಂದು ನೋಡಿ, ನಾನು ಮೊದಲ ದಿನವೇ ಹೇಳಿರಲಿಲ್ಲವೆ ಎಂದ. ವಿಭೂತಿ ಬೋಲ್ಟಿನ ಗೊಡವೆಗೆ ಹೋಗದೆ, ತಂಬಿಗೆ ಮುಟ್ಟಿದ ಜಾಗದಲ್ಲೇ ಬಣ್ಣ ಕೆರೆದು, ಹೊಸ ನಟ್ಟು ಕೂರಿಸಿ, ಅರ್ಥಿನ ತಂತಿಯನ್ನು ಬಿಗಿದ. ತಂಬಿಗೆ ಆಯಿಗೆ ಮರಳಿತು. ಇಂಜಿನ್ ಓಡುತ್ತಿದೆ, ಪೆಟ್ಟಿಗೆ ಮೌನ. ಟೇಪು ಹಚ್ಚಿದರೆ ತತ್ವಪದದ ಒಂದೊಂದು ಅಕ್ಷರವೂ ಮುತ್ತು. ನಾವು ಮೂವರೂ ಆ ಕಾರಿನಲ್ಲಿ ಕೂತು ಪೂರಾ ಕ್ಯಾಸೆಟ್ಟು ಕೇಳಿದೆವು. ನಾನು ಅರ್ಥ ಹೇಳಿದೆ, ಅವರಿಬ್ಬರೂ ಬೇಡವೆನ್ನಲಿಲ್ಲ. ಅಷ್ಟು ಸಂತೋಷವಾಗಿತ್ತು ಎಲ್ಲರಿಗೂ.

ಮರುದಿನ ಮುಂಜಾನೆ ಆಯಿ ಇಳಕಲ್ ಸೀರೆ ಉಟ್ಟು, ತಂಬಿಗೆ ನಿಂಬೆಹಣ್ಣು ಹಿಡಿದು ಕೂತಳು. ಮಧ್ಯಾಹ್ನದೊಳಗೆ ಮೊರಬ ಮುಟ್ಟಬೇಕು. ಅಲ್ಲಿ ಓಣಿಯ ಹೆಂಗಸರೆಲ್ಲ ನೆರೆದಿರುತ್ತಾರೆ, ತೊಟ್ಟಿಲು ಸಿಂಗಾರವಾಗಿರುತ್ತದೆ. ಕಾರು ಸದ್ದಿಲ್ಲದೆ ಹೊರಟಿತು. ನಾನು ಹೆಮ್ಮೆಯಿಂದ ಕ್ಯಾಸೆಟ್ಟು ಹಾಕಿ ಹಿಂದೆ ನೋಡಿದೆ. ಆಯಿಯ ಮುಖ ಹುಳ್ಳಗಾಗಿತ್ತು. ದನಿ ಏರಿಸಿದೆ. ಅಗಸಿ ದಾಟಿತು. ಇನ್ನೂ ಏರಿಸಿದೆ. ಮೊದಲ ತಿರುವಿನಲ್ಲಿ ಆಯಿ ನಿಲ್ಲಿಸೆಂದು ಕಾಕಾನ ಹೆಗಲಿಗೆ ಬಡಿದಳು. ಆಮೇಲಿನದನ್ನು ವರ್ಣಿಸುವುದಿಲ್ಲ. ಬಾಯಿ ತೊಳೆದುಕೊಂಡು ಒಂದು ಬೇವಿನ ಗಿಡದ ಬುಡಕ್ಕೆ ಹೋಗಿ ಕೂತು, ಗಾಡಿ ಮನೆಗೆ ತಿರುಗಿಸು ಎಂದಳು. ಕಾಕಾ ಕೈಮುಗಿದ. ನಾನು ಅತ್ತೇಬಿಡುವುದೊಂದು ಉಳಿದಿತ್ತು. ನನ್ನ ಕಣ್ಣ ಮುಂದೆ ಮದುವೆಯ ವಯಸ್ಸಿನ ಡುಬ್ಬಿ, ಲಗ್ನಪತ್ರಿಕೆಯಲ್ಲಿ ಅಚ್ಚಾದ ಡುಬ್ಬಿ, ಎಲ್ಲ ಬಂದು ಹೋದರು.

"ಆಯೀ, ಅವತ್ತ ಹಾಡು ಕೇಳಿ ಆರಾಮ ಇದ್ದಿ. ಇವತ್ತ ಅದಕ್ಕಿಂತ ಛಂದ ಕೇಳಸಾಕತ್ತೈತಿ, ಏನಾತು?" ಎಂದೆ.

"ಯಾವ ಹಾಡು?" ಎಂದಳು ಆಯಿ. "ನಿನ್ನ ಪೆಟಗ್ಯಾಗಿನ ಹಾಡು ನನಗೆಲ್ಲಿ ಕೇಳಸ್ತೈತೋ ತಮ್ಮಾ. ಅವತ್ತ ನನ್ನ ಬುಡಕ ಬೀಸೂಕಲ್ಲು ತಿರಗತಿತ್ತು. ಗುಂಯ್ ಅಂತ ಟೊಂಕದಾಗ ಕೇಳತಿತ್ತು. ಕಲ್ಲು ತಿರಗಿದ್ರ ಬಾಯಿಗೆ ಹಾಡು ತಾನ ಬರ್ತೈತಿ, ಹಾಡಕೋತ ಕುಂತ್ರ ಹೊಟ್ಟಿ ಸುಮ್ಮನಿರ್ತೈತಿ. ಇವತ್ತ ಕಲ್ಲು ನಿಂತೈತಿ. ನಿಂತ ಕಲ್ಲಿನ ಮುಂದ ಯಾರು ಹಾಡತಾರು?"

ಅಷ್ಟು ದಿನ ಬಡಿದಾಡಿ, ಬೀಜ ಬಿಡಿಸಿ, ತಂಬಿಗೆ ತುರುಕಿ, ಊರೆಲ್ಲ ನಗಿಸಿಕೊಂಡು ನಾನು ಯಾವುದನ್ನು ಓಡಿಸಿದ್ದೆನೋ ಅದೊಂದೇ ಆಯಿಗೆ ಬೇಕಾಗಿತ್ತು. ಕಾಕಾ ಡಿಕ್ಕಿಯಿಂದ ಪಾನಾ ತಂದು ನನ್ನ ಕೈಗಿತ್ತ. "ಬಿಚ್ಚು ಲೇ. ನೀನ ಕೂಡಿಸಿದ್ದಿ, ನೀನ ಬಿಚ್ಚು" ಎಂದ. ಹೊಸ ಅಂಗಿ ಹಾಕಿಕೊಂಡಿದ್ದ ನಾನು ಸೀಟಿನ ಬುಡಕ್ಕೆ ಅಂಗಾತ ಜಾರಿದೆ. ಬದುಕಿನುದ್ದಕ್ಕೂ ಕಂಡಕಂಡದ್ದಕ್ಕೆಲ್ಲ ಅರ್ಥ ಅಂಟಿಸುತ್ತ ಬಂದ ಮನುಷ್ಯ, ಮಗಳ ಹೆಸರಿನ ಸಲುವಾಗಿ, ನಟ್ಟು ತಿರುಗಿಸಿ ಅರ್ಥ ಕಿತ್ತು ಹಾಕಿದೆ. ಕಾಕಾ ಇಂಜಿನ್ ಚಾಲೂ ಮಾಡಿದ. ಗುಂಯ್ ಎಂದಿತು. ಇಷ್ಟು ಇಂಪಾದ ದನಿಯನ್ನು ನಾನು ಮೊದಲೆಂದೂ ಕೇಳಿರಲಿಲ್ಲ. ಆಯಿ ಎದ್ದು ಬಂದು ಕೂತಳು. ಮಿಶ್ರಿಕೋಟಿ ಬರುವ ಹೊತ್ತಿಗೆ ಹಾಡು ಶುರುವಾಗಿತ್ತು. ಹುಬ್ಬಳ್ಳಿಯ ಪೇಟೆಯಲ್ಲಿ ಮಂದಿ ನಿಂತು ನಿಂತು ನೋಡಿದರು. ಎರೆಹೊಲದ ನೆಟ್ಟನೆಯ ರಸ್ತೆ ಬಂದಾಗ ಕಾಕಾ ಗಾಡಿ ಓಡಿಸಿದ, ಕಲ್ಲು ಜೋರಾಯಿತು, ಆಯಿಯ ದನಿಯೂ ಏರಿತು, ನಾನು ಟೇಪು ಬಂದ್ ಮಾಡಿ ಅವಳೊಂದಿಗೆ ಬಾಯಿಗೆ ಬಂದಂತೆ ಹಾಡಿದೆ.

ಮೊರಬದಲ್ಲಿ ನಾವು ಇಳಿಯುವ ಮೊದಲೇ ಗುಂಡಣ್ಣ ಬಾಗಿಲಿಗೆ ಬಂದು, ಗಿರಣಿ ಬಂತು ಜೋಳ ತರ್ರಿ ಎಂದು ಕೂಗಿದ. ಕೂಗಲಿ. ಆಯಿ ನೆಟ್ಟಗೆ ಒಳಗೆ ನಡೆದು ತೊಟ್ಟಿಲಿನ ಮುಂದೆ ನಿಂತಳು. ಹೆಸರು ಹೇಳುವವಳ ಬೆನ್ನಿಗೆ ಹೆಂಗಸರು ಗುದ್ದುವ ಪದ್ಧತಿ ನಮ್ಮಲ್ಲುಂಟು. ನನ್ನದು ಮುದಿ ಬೆನ್ನು, ಆ ಗುದ್ದುಗಳನ್ನೆಲ್ಲ ಇವನಿಗೆ ಹಾಕಿರಿ ಎಂದು ಆಯಿ ನನ್ನನ್ನು ತೋರಿಸಿದಳು. ಮೊರಬದ ಹೆಂಗಸರು ಹತ್ತಿ ಬಿಡಿಸಿ ಬಲಿತ ಕೈಯವರು. ಆ ಗುದ್ದುಗಳ ನಡುವೆಯೇ ನಾನು ಕುರ್ರ್ ಎಂಬುದನ್ನೂ ಅದರ ಹಿಂದೆ ಬಂದ ಹೆಸರನ್ನೂ ಕೇಳಿದೆ. ಸಂಗವ್ವ.

ಶಾಂತಾ ಕೂಸನ್ನು ಎತ್ತಿಕೊಂಡು ಅದೇ ಹೆಸರಿನಿಂದ ಕರೆದು ಮುದ್ದಿಟ್ಟಳು. ನಾನು ಮನಸ್ಸಿನಲ್ಲೇ ಸಂಸ್ಕೃತದ ಎರಡು ಮೂರು ಉದ್ದುದ್ದ ಹೆಸರುಗಳನ್ನು ಬಯಸಿದ್ದೆ, ಅವನ್ನು ಅಲ್ಲೇ ಬಿಟ್ಟೆ. ಈ ಹೆಸರು ಎಲ್ಲಿಂದ ಹೊಳೆಯಿತು ಎಂದು ಶಾಂತಾ ಕೇಳಿದಾಗ ಆಯಿ ಹೇಳಿದ್ದು ಇಷ್ಟು. ಮನೆಯಿಂದ ಹೊರಡುವವರೆಗೂ ಅವಳಿಗೆ ಯಾವ ಹೆಸರೂ ಹೊಳೆದಿರಲಿಲ್ಲವಂತೆ. ದಾರಿಯಲ್ಲಿ ಕಲ್ಲು ತಿರುಗತೊಡಗಿದಾಗ, ಬೀಸುಕಲ್ಲಿನ ಆಚೆ ಬದಿಗೆ ಗೂಟ ಹಿಡಿದು ಕೂತು ತನ್ನೊಂದಿಗೆ ಹಾಡುತ್ತಿದ್ದ ನೆಗೆಣ್ಣಿ, ಎಂದರೆ ಓರಗಿತ್ತಿ, ನೆನಪಾದಳಂತೆ. ಆಕೆಯ ಹೆಸರು ಸಂಗವ್ವ. ಎಂದರೆ ನಾನು ಆ ನಟ್ಟನ್ನು ಬಿಗಿಯಾಗಿ ಉಳಿಸಿಕೊಂಡಿದ್ದರೆ, ಆಯಿ ಬಂದರೂ ಹೆಸರು ಬರುತ್ತಿರಲಿಲ್ಲ. ಅಷ್ಟಾದರೂ ಚಟ ಬಿಡಬೇಕಲ್ಲ. ಸಂಗ ಎಂದರೆ ಎಂದು ಬಾಯಿ ತೆರೆದೆ. ಆಯಿ ಕೈ ಎತ್ತಿ ತಡೆದಳು. "ಹೆಸರಿಗೆ ಅರ್ಥ ಯಾಕ ಬೇಕೋ. ಕರದ್ರ ಹೊಳ್ಳಿ ನೋಡಿದ್ರ ಸಾಕು." ನಾನು ಬಾಯಿ ಮುಚ್ಚಿದೆ. ಆ ಅರ್ಥ ಇವತ್ತಿಗೂ ನನ್ನ ಹೊಟ್ಟೆಯಲ್ಲೇ ಇದೆ, ಅರಗಿಲ್ಲ.

ಬಾಣಂತನ ಮುಗಿಸಿ ಶಾಂತಾ ಕೂಸಿನೊಂದಿಗೆ ಅದೇ ಕಾರಿನಲ್ಲಿ ದುಮ್ಮವಾಡಕ್ಕೆ ಬಂದಳು. ಸಂಗವ್ವ ಗುಂಯ್ ಎಂಬುದಕ್ಕೆ ಅಗಸಿ ದಾಟುವ ಮೊದಲೇ ನಿದ್ದೆ ಹೋದಳು, ಥೇಟ್ ಮುತ್ತಜ್ಜಿಯ ಮರಿಮೊಮ್ಮಗಳು. ನಾನು ಸೀಟಿಗೆ ಒರಗಿ, ಈ ಗುಂಯ್ ಎಂಬುದು ಅನುಕರಣ ಶಬ್ದ, ಇದರ ವಿಶೇಷವೇನೆಂದರೆ ಎಂದು ಮೆಲ್ಲಗೆ ಶುರು ಮಾಡಿದೆ. ಕೂಸು ಎಚ್ಚತ್ತು ಚೀರಿತು. ಶಾಂತಾ ಅದನ್ನು ತಟ್ಟುತ್ತ ಮುಂದೆ ಕೂತಿದ್ದ ಕಾಕಾನಿಗೆ ಹೇಳಿದಳು:

"ಮಾವಾರ, ನಿಮ್ಮ ಮಗಗೂ ಎಲ್ಲ್ಯರೆ ಒಂದು ಅರ್ಥದ ವೈರ್ ಇದ್ದೀತು ನೋಡ್ರಿ. ಅದನ್ನೂ ಸಡಲ ಮಾಡಿಬಿಡ್ರಿ."

ಕಾಕಾ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ಎಡಗೈಯಿಂದ ಪಾನಾ ಹುಡುಕಿ ಹಿಂದಕ್ಕೆ ಚಾಚಿದ.